ಹನ್ನೊಂದು ಗಂಟೆಯ ದೋಣಿ

ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಒಂದು ಬೆಳಗ್ಗೆ. ಗೋಣಿಕೊಪ್ಪ ಪೇಟೆಯ ಗೊಬ್ಬರದಂಗಡಿ, ಅದರ ಮೇಲಿನ ಮಹಡಿ. ತಗಡಿನ ಮಾಡಿಗೆ ಬೀಳುವ ಮಳೆಯ ಸದ್ದಿಗೆ ಇಬ್ಬರೂ ಸ್ವಲ್ಪ ಗಂಟಲೇರಿಸಿಯೇ ಮಾತಾಡಬೇಕು. ಒಬ್ಬರು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು, ಬಲ ಮಂಡಿಯ ನೋವಿನವರು. ಇನ್ನೊಬ್ಬಳು ಅವರ ಹಳೆಯ ಶಿಷ್ಯೆ, ಈಗ ಫಿಸಿಯೊಥೆರಪಿಸ್ಟ್. ಹೆಂಗಸರಿಗೆಂದೇ ಒಂದು ವ್ಯಾಯಾಮದ ಕೋಣೆ ತೆರೆಯುವ ತಯಾರಿಯಲ್ಲಿದ್ದಾಳೆ. ನಡುವೆ ಒಂದು ರೋಯಿಂಗ್ ಮೆಷಿನ್, ಕೂತಲ್ಲೇ ದೋಣಿಯ ಹುಟ್ಟು ಹಾಕುವ ಯಂತ್ರ.

ಟೀಚರ್: ಇದೇನಾ ನಿನ್ನ ದೋಣಿ? ಮೊದಲು ಈ ಕೊಡೆ ಎಲ್ಲಿಡ್ಲಿ ಹೇಳು. ಎಂಟಡಿ ಉದ್ದದ ಕಂಬಿಗೆ ಲಕ್ಷ ರೂಪಾಯಿ ಸುರಿದಿದ್ದಾಳೆ ಅಂತ ನಿನ್ನ ಅಮ್ಮ ಮೊನ್ನೆ ಸಂತೆಯಲ್ಲಿ ಸಿಕ್ಕಿ ಗೋಳು ಹೇಳ್ಕೊಂಡ್ರು.

ಶಿಷ್ಯೆ: ಕೊಡೆ ಬಾಗಿಲ ಹೊರಗೇ ಇರಲಿ ಟೀಚರ್. ಲಕ್ಷ ದಾಟಿದ್ದು ನಿಜ. ಅಮ್ಮನಿಗೆ ಪೂರ್ತಿ ಲೆಕ್ಕ ಹೇಳಿಲ್ಲ.

ಟೀಚರ್: ನಡೆಯೋದಕ್ಕೆ ದುಡ್ಡು ಕೊಡ್ಬೇಕಾ ಮಾರಾಯ್ತಿ? ರಸ್ತೆ ಇದೆ, ಕಾಲಿದೆ. ಜೀವಮಾನವೆಲ್ಲ ಮಕ್ಕಳನ್ನ ಮೈದಾನದ ಸುತ್ತ ಓಡಿಸಿದವಳು ನಾನು. ಈ ಕೋಣೆಯೊಳಗೆ ಕೂತು ಗಾಳಿಯಲ್ಲಿ ಹುಟ್ಟು ಹಾಕು ಅಂದ್ರೆ ನಗು ಬರುತ್ತೆ.

ಶಿಷ್ಯೆ: ಜೂನ್ ಹಿಡಿದು ಇವತ್ತಿನವರೆಗೆ ನೀವು ವಾಕಿಂಗ್ ಹೋದದ್ದು ಎಷ್ಟು ದಿನ?

ಟೀಚರ್: ಈ ಮಳೆಯಲ್ಲಿ ಯಾರು ಹೋಗ್ತಾರೆ?

ಶಿಷ್ಯೆ: ಮಳೆ ಸೆಪ್ಟೆಂಬರಿನವರೆಗೂ ಇರುತ್ತೆ. ಮಳೆ ನಿಂತ ಮೇಲೆ?

ಟೀಚರ್: ಮಳೆ ನಿಂತ ಮೇಲೂ ನಮ್ಮ ಕಡೆ ಬೆಳಗ್ಗೆ ಆರಕ್ಕೆ ಹೊರಡೋ ಹಾಗಿಲ್ಲ. ಹಲಸಿನಹಣ್ಣಿನ ಕಾಲದಲ್ಲಂತೂ ಆನೆ ಗೇಟಿನ ಹತ್ತಿರವೇ ನಿಂತಿರುತ್ತೆ. ಗ್ರೂಪಿನಲ್ಲಿ ಮೆಸೇಜ್ ಬರುತ್ತೆ, ಇಂಥ ತೋಟದಿಂದ ಇಂಥ ತೋಟಕ್ಕೆ ದಾಟಿದೆ, ಎಚ್ಚರ ಅಂತ. 2021ರಲ್ಲಿ ಹುಲಿ ಬಂದು ಇದೇ ದಕ್ಷಿಣ ಕೊಡಗಿನಲ್ಲಿ ಮನುಷ್ಯರನ್ನೇ ಕೊಂದಿತಲ್ಲ, ಅದಾದ ಮೇಲೆ ನನ್ನ ಸೊಸೆ ಸಂಜೆ ಐದರ ಮೇಲೆ ನನ್ನನ್ನ ಅಂಗಳ ದಾಟೋಕೆ ಬಿಡಲ್ಲ.

ಶಿಷ್ಯೆ: ಅಂದ್ರೆ ಬೆಳಗ್ಗೆ ಎಂಟರ ಮೊದಲು ಇಲ್ಲ, ಸಂಜೆ ಐದರ ನಂತರ ಇಲ್ಲ, ವರ್ಷದಲ್ಲಿ ನಾಲ್ಕು ತಿಂಗಳು ಇಲ್ಲವೇ ಇಲ್ಲ. ನಿಮ್ಮ ರಸ್ತೆ ಇರೋದು ಯಾವಾಗ ಟೀಚರ್?

ಟೀಚರ್: ಗಂಡಸರು ಹೋಗ್ತಾರಪ್ಪ. ಜೀಪಿನಲ್ಲಿ ಊರ ಮೈದಾನಕ್ಕೆ ಹೋಗಿ ಅಲ್ಲಿ ಸುತ್ತು ಹಾಕಿ ಬರ್ತಾರೆ.

ಶಿಷ್ಯೆ: ನಾನೂ ಅದನ್ನೇ ಹೇಳ್ತಿರೋದು. ಬೆಂಗಳೂರಿನವರಿಗೆ ಕೊಡಗು ಅಂದ್ರೆ ತಂಪು ಗಾಳಿ, ಹಸಿರು, ನಡೆದಷ್ಟೂ ದಾರಿ. ಇಲ್ಲಿಯ ಹೆಂಗಸಿಗೆ ಮಾತ್ರ ಸಿಕ್ಕೋದು ಮನೆಯ ಜಗಲಿ. ನನ್ನ ಹತ್ತಿರ ಬರೋ ಹೆಂಗಸರಲ್ಲಿ ಮಂಡಿ ನೋವು, ಸೊಂಟ ನೋವು, ಸಕ್ಕರೆ, ಥೈರಾಯ್ಡ್. ಡಾಕ್ಟ್ರು ಚೀಟಿಯಲ್ಲಿ ಬರೀತಾರೆ, ದಿನಕ್ಕೆ ನಲವತ್ತು ನಿಮಿಷ ನಡೆಯಿರಿ ಅಂತ. ಎಲ್ಲಿ ಅಂತ ಬರೆಯಲ್ಲ.

ಟೀಚರ್: ಮನೆಕೆಲಸ ಇಲ್ವಾ? ಬೆಳಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತರವರೆಗೆ ಕಾಲು ನಿಲ್ಲಲ್ಲ ನಮ್ಮವರದ್ದು.

ಶಿಷ್ಯೆ: ಕಾಲು ನಿಲ್ಲಲ್ಲ, ಎದೆ ಬಡಿತವೂ ಏರಲ್ಲ. ರುಬ್ಬೋ ಕಲ್ಲು ಮೂಲೆ ಸೇರಿತು, ಬಾವಿಗೆ ಮೋಟಾರು ಬಂತು, ಬಟ್ಟೆಗೆ ಮೆಷಿನ್ ಬಂತು. ಬರಲಿ, ಬೇಡ ಅಂತ ನಾನು ಹೇಳಲ್ಲ, ಅಜ್ಜಿಯಂದಿರು ಪಟ್ಟ ಪಾಡು ಸಾಕು. ದಣಿವು ಮಾತ್ರ ಉಳಿದಿದೆ, ಮೈ ಬಲ ಹೋಗಿದೆ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 2024ರಲ್ಲಿ ಒಂದು ಅಧ್ಯಯನ ಬಂತು. 2022ರಲ್ಲಿ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ, ಗಂಡಸರಲ್ಲಿ 42. ಮನೆಕೆಲಸವನ್ನೂ ಸೇರಿಸಿಯೇ ಹಾಕಿದ ಲೆಕ್ಕ ಅದು.

ಟೀಚರ್: ಕೊಡಗಿನ ಹೆಂಗಸರನ್ನ ಆ ಲೆಕ್ಕಕ್ಕೆ ಹಾಕ್ಬೇಡ. ಅಶ್ವಿನಿ ನಾಚಪ್ಪ ಓಡಿದ ಊರಿದು. ಅವರು ಪಿ.ಟಿ. ಉಷಾರನ್ನ ಹಿಂದೆ ಹಾಕಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದ್ದೆವು. ಬ್ಯಾಡ್ಮಿಂಟನ್‌ಗೆ ಅಶ್ವಿನಿ ಪೊನ್ನಪ್ಪ, ಸ್ಕ್ವಾಷ್‌ಗೆ ಜೋಶ್ನಾ ಚಿನ್ನಪ್ಪ. ಎಲ್ಲಿ ಹುಟ್ಟಿ ಎಲ್ಲಿ ಬೆಳೆದರೂ ಮನೆತನ ಇಲ್ಲಿಯದೇ.

ಶಿಷ್ಯೆ: ಹೌದು ಟೀಚರ್. ಆದರೆ ನಿಮ್ಮ ಸಾಲಿನಲ್ಲಿ ನನ್ನ ಬ್ಯಾಚಿನವರು ಯಾರಿದ್ದಾರೆ? ಒಂಬತ್ತನೇ ಕ್ಲಾಸಿನಲ್ಲಿ ಹಾಕಿ ಟೀಮಿಗೆ ಹದಿನಾರು ಹುಡುಗಿಯರನ್ನ ಆರಿಸಿದ್ರಿ. ಈಗ ಅವರಲ್ಲಿ ಓಡೋರು ಎಷ್ಟು ಜನ?

ಟೀಚರ್: ಏಪ್ರಿಲಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಓಡ್ತಾರಲ್ಲ! 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಣಿಯವರು ಶುರು ಮಾಡಿದಾಗ 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ, ಗಿನ್ನೆಸ್ ದಾಖಲೆ. ಅಜ್ಜಿ, ಸೊಸೆ, ಮೊಮ್ಮಗಳು ಒಂದೇ ಜೆರ್ಸಿ ಹಾಕ್ಕೊಂಡು ಗಂಡಸರ ಜೊತೆ ಇಳಿಯೋ ಆಟ ಇನ್ನೆಲ್ಲಿದೆ ತೋರಿಸು.

ಶಿಷ್ಯೆ: ನನಗೂ ಹೆಮ್ಮೆಯೇ. ಆದರೆ ಆ ಹಬ್ಬ ಮುಗಿದ ಮಾರನೇ ವಾರ ನನ್ನ ಬೆಂಚು ಖಾಲಿ ಇರಲ್ಲ. ವರ್ಷವೆಲ್ಲ ಸುಮ್ಮನಿದ್ದು ಒಂದು ದಿನ ಸ್ಟಿಕ್ ಹಿಡಿದವರ ಮೀನಖಂಡ, ತೊಡೆಸಂದು, ಸೊಂಟ ಎಲ್ಲ ಸಾಲಾಗಿ ಬರುತ್ತೆ. ಕುಟುಂಬದ ಮಾನಕ್ಕೆ ಓಡಿದವರು ತಮ್ಮ ಮೈಗೋಸ್ಕರ ಓಡಲ್ಲ. ಆಟ ನಮ್ಮಲ್ಲಿ ಹಬ್ಬವಾಗಿಯೇ ಉಳೀತು, ಅಭ್ಯಾಸ ಆಗಲಿಲ್ಲ.

ಟೀಚರ್: ಅದು ಸರಿ ಅನ್ನು. ಶಾಲೆಯಲ್ಲೂ ಹಾಗೇ. ಎಸ್ಸೆಸ್ಸೆಲ್ಸಿ ಬಂದ ಕೂಡಲೇ ಹುಡುಗಿಯರ ಅಪ್ಪಂದಿರು ಬಂದು, ಟೀಚರ್, ಇನ್ನು ಸಾಕು, ಓದಲಿ ಅಂತಿದ್ರು. ಹುಡುಗರ ಅಪ್ಪಂದಿರು ಹಾಗೆ ಬಂದದ್ದು ನೆನಪಿಲ್ಲ. ಹೋಗಲಿ, ಈ ಕಂಬಿಯೇ ಯಾಕೆ? ನಡೆಯೋ ಪಟ್ಟಿ ಇದೆ, ಏನದು, ಟ್ರೆಡ್‌ಮಿಲ್. ಅದನ್ನ ತರಬಹುದಿತ್ತಲ್ಲ.

ಶಿಷ್ಯೆ: ಕರೆಂಟ್ ಎಲ್ಲಿಂದ ತರ್ಲಿ? ನಿನ್ನೆ ಬೆಳಗ್ಗೆ ಹೋದದ್ದು ಇನ್ನೂ ಬಂದಿಲ್ಲ. ಮಳೆಗಾಲದಲ್ಲಿ ಒಂದು ಮರ ತಂತಿ ಮೇಲೆ ಬಿತ್ತು ಅಂದ್ರೆ ಮೂರು ದಿನ ನಾಲ್ಕು ದಿನ ಕತ್ತಲೆ. ಇದಕ್ಕೆ ಪ್ಲಗ್ಗೇ ಇಲ್ಲ ನೋಡಿ. ಮುಂದೆ ಇರೋ ಈ ಡಬ್ಬಿಯೊಳಗೆ ರೆಕ್ಕೆಗಳಿರೋ ಚಕ್ರ. ಚೈನು ಎಳೆದರೆ ಚಕ್ರ ತಿರುಗುತ್ತೆ, ರೆಕ್ಕೆ ಗಾಳಿಯನ್ನ ತಳ್ಳುತ್ತೆ, ಗಾಳಿ ವಾಪಸ್ ತಡೆಯುತ್ತೆ. ಜೋರಾಗಿ ಎಳೆದಷ್ಟೂ ತಡೆ ಜಾಸ್ತಿ, ಮೆಲ್ಲಗೆ ಎಳೆದರೆ ಕಡಿಮೆ. ಇಪ್ಪತ್ತರ ಹುಡುಗಿಗೂ ಅರವತ್ತೈದರ ಅಜ್ಜಿಗೂ ಒಂದೇ ಯಂತ್ರ, ಏನೂ ಬದಲಾಯಿಸಬೇಕಾಗಿಲ್ಲ. ಪರದೆಗೆ ಟಾರ್ಚಿನ ಎರಡು ದಪ್ಪ ಬ್ಯಾಟರಿ ಸಾಕು. ಎಳೀತಾ ಇರುವಾಗ ಚಕ್ರವೇ ಅದಕ್ಕೆ ಕರೆಂಟ್ ಕೊಡುತ್ತೆ.

ಟೀಚರ್: ಬೂಸ್ಟು ಹಿಡಿಯಲ್ವಾ? ನಮ್ಮ ಮನೆಯಲ್ಲಿ ಚರ್ಮದ ಬೆಲ್ಟು, ಪುಸ್ತಕ, ಕೊನೆಗೆ ಗೋಡೆಯ ಫೋಟೋ ಕೂಡ ಹಸಿರಾಗಿದೆ.

ಶಿಷ್ಯೆ: ಚೈನಿಗೆ ಎಣ್ಣೆ ಒರೆಸ್ತಾ ಇರ್ಬೇಕು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಐವತ್ತು ಗಂಟೆಗೊಮ್ಮೆ ಅಂತಿದೆ. ನಾನು ಕಕ್ಕಡದಲ್ಲಿ ವಾರಕ್ಕೊಮ್ಮೆ ಮಾಡ್ತೇನೆ. ಸೀಟು ಓಡಾಡೋ ಈ ಹಳಿ ದಿನಾ ಒರೆಸದೇ ಇದ್ದರೆ ಕಪ್ಪು ಕೊಳೆ ಕೂತು ಸೀಟು ಕಡಕಡ ಅನ್ನುತ್ತೆ. ಬನ್ನಿ, ಕೂತು ನೋಡಿ. ದುಪಟ್ಟಾ ಮೊದಲು ತೆಗೀರಿ, ಸೀಟಿನ ಚಕ್ರಕ್ಕೆ ಸಿಕ್ಕೀತು.

ಟೀಚರ್: ಇಷ್ಟು ತಗ್ಗಿನಲ್ಲಿ ಕೂತ್ಕೊಂಡು ಮತ್ತೆ ಏಳೋದು ಹೇಗೆ?

ಶಿಷ್ಯೆ: ಏಳೋದೂ ವ್ಯಾಯಾಮವೇ. ಈ ಕಂಬ ಹಿಡ್ಕೊಳ್ಳಿ, ಕೂತ್ಕೊಳ್ಳಿ. ಪಾದ ಈ ಮೆಟ್ಟಿನ ಮೇಲೆ, ಪಟ್ಟಿ ಪಾದದ ಅಗಲ ಭಾಗದ ಮೇಲೆ ಬರಬೇಕು. ಹಿಡಿಯನ್ನ ಬೆರಳಲ್ಲಿ ಕೊಕ್ಕೆ ಹಾಕಿದ ಹಾಗೆ ಹಿಡೀರಿ, ಮುಷ್ಟಿ ಕಟ್ಟಬೇಡಿ. ಮುಂದೆ ಬನ್ನಿ. ಮಂಡಿ ನೋಯೋಕೆ ಶುರುವಾಗುವ ಮೊದಲೇ ನಿಲ್ಲಿ, ಪೂರ್ತಿ ಮಡಚೋದು ಬೇಡ. ಈಗ ಎಳೀರಿ.

(ಟೀಚರ್ ಎರಡೂ ಕೈಯಿಂದ ರಪ್ಪನೆ ಎಳೆಯುತ್ತಾರೆ. ಹಿಡಿ ಎದೆಗೆ ಬಂತು, ಸೀಟು ಅಲ್ಲೇ ಇದೆ.)

ಶಿಷ್ಯೆ: ಎಲ್ಲರೂ ಮೊದಲು ಮಾಡೋದು ಇದನ್ನೇ. ಕೈಯಿಂದ ಎಳೆಯೋ ಯಂತ್ರ ಅಂತ ಕಾಣುತ್ತೆ, ಅದು ಕಾಲಿನ ಯಂತ್ರ. ಮೊದಲು ಕಾಲಿಂದ ತಳ್ಳಿ. ಕೈ ನೆಟ್ಟಗೇ ಇರಲಿ. ಕಾಲು ನೀಡಿದ ಮೇಲೆ ಬೆನ್ನು ಸ್ವಲ್ಪ ಹಿಂದೆ, ಕೊನೆಗೆ ಕೈ ಪಕ್ಕೆಲುಬಿನ ಕೆಳಗೆ. ವಾಪಸ್ ಬರುವಾಗ ಉಲ್ಟಾ. ಕೈ, ಬೆನ್ನು, ಆಮೇಲೆ ಮಂಡಿ.

ಟೀಚರ್: ಓಹೋ! ಇದು ಹಾಕಿಯಲ್ಲಿ ಹಿಟ್ ಹೊಡೆಯೋ ಲೆಕ್ಕ. ಬಲ ಪಾದದಿಂದ ಏರಿ ಸೊಂಟ ದಾಟಿ ಕೊನೆಗೆ ಮಣಿಕಟ್ಟಿಗೆ ಬರ್ಬೇಕು ಅಂತ ನಿಮಗೆಲ್ಲ ಬಡ್ಕೊಂಡಿದ್ದೆ.

ಶಿಷ್ಯೆ: ಬಡ್ಕೊಂಡದ್ದು ಎಲ್ಲಿಗೆ ಹೋಗುತ್ತೆ? ಈಗ ನಿಮಗೇ ವಾಪಸ್ ಹೇಳ್ತಿದ್ದೇನೆ. ತಳ್ಳೋದು ಒಂದು ಎಣಿಕೆ, ಮರಳೋದು ಎರಡು ಎಣಿಕೆ. ಆತುರ ಬೇಡ. ಮರಳುವಾಗ ಉಸಿರು ತಗೊಳ್ಳಿ, ತಳ್ಳುವಾಗ ಬಿಡಿ, ಕಟ್ಟಿ ಹಿಡೀಬೇಡಿ. ಹೆರಿಗೆಯಾದವರು, ಕೆಮ್ಮಿದರೆ ಮೂತ್ರ ಜಾರುತ್ತೆ ಅನ್ನೋರು ಉಸಿರು ಕಟ್ಟಿ ಎಳೆದರೆ ಆ ತೊಂದರೆ ಹೆಚ್ಚಬಹುದು. ಅಂಥವರು ಬಾಯಿಬಿಟ್ಟು ಹೇಳಿದರೆ ಬೇರೆ ಅಭ್ಯಾಸದಿಂದ ಶುರು ಮಾಡಿಸ್ತೇನೆ. ಹೇಳೋದೇ ಕಷ್ಟ. ಗಂಡಸರಿರೋ ಜಿಮ್ಮಿನಲ್ಲಿ ಯಾರು ಹೇಳ್ತಾರೆ?

ಟೀಚರ್: ಪಕ್ಕದಲ್ಲಿ ಒಂದರಿಂದ ಹತ್ತರವರೆಗೆ ನಂಬರ್ ಇದೆಯಲ್ಲ, ಅದೇನು? ಹತ್ತಕ್ಕೆ ಇಡು ನೋಡುವ.

ಶಿಷ್ಯೆ: ನೋಡಿ, ನೀವೂ ನಮ್ಮ ಮೈದುನರ ಹಾಗೇ! ಬಂದವರೆಲ್ಲ ಹತ್ತಕ್ಕೇ ಕೈ ಹಾಕ್ತಾರೆ. ಅದು ಗಾಳಿ ಒಳಗೆ ಬಿಡೋ ಕಿಂಡಿ, ಅಷ್ಟೆ. ಹತ್ತಕ್ಕಿಟ್ಟರೆ ತುಂಬಿದ ಮರದ ದೋಣಿ ಎಳೆದ ಹಾಗೆ ಭಾರ ಅನ್ನಿಸುತ್ತೆ, ಸೊಂಟ ಹಿಡಿಯುತ್ತೆ. ಮೂರು ನಾಲ್ಕು ಸಾಕು. ಈಗ ಪರದೆ ನೋಡಿ. ಮೂರು ನಿಮಿಷ ಅಂತ ತೋರಿಸ್ತಿದೆ. ಇದೇ ವೇಗದಲ್ಲಿ ಹೋದರೆ 500 ಮೀಟರಿಗೆ ಮೂರು ನಿಮಿಷ ಅಂತ ಅರ್ಥ. ಅದಕ್ಕೆ ನಿಮ್ಮ ಮೈ ಕೊಡ್ತಿರೋ ಶಕ್ತಿ 60 ವಾಟ್.

ಟೀಚರ್: ಹಳೇ ಹಳದಿ ಬಲ್ಬು!

ಶಿಷ್ಯೆ: ಅದೇ. ಎರಡೂವರೆ ನಿಮಿಷಕ್ಕೆ ಇಳಿಸ್ಬೇಕು ಅಂದ್ರೆ 104 ವಾಟ್ ಬೇಕು. ವೇಗ ಐದರಲ್ಲೊಂದು ಪಾಲು ಏರಿತು, ಬೇಕಾದ ಶಕ್ತಿ ಮುಕ್ಕಾಲು ಪಾಲಿನಷ್ಟು ಏರಿತು. ನೀರಿನಲ್ಲೂ ಹೀಗೇ. ವೇಗ ಹೆಚ್ಚಿಸಿದ ಹಾಗೆ ನೀರು ಅದಕ್ಕಿಂತ ಜೋರಾಗಿ ತಡೆಯುತ್ತೆ, ಅದಕ್ಕೇ ಯಂತ್ರದಲ್ಲೂ ಆ ಲೆಕ್ಕ ಬರೆದಿದ್ದಾರೆ. ಮೊದಲ ತಿಂಗಳು ನಾನು ಯಾರಿಗೂ ವೇಗ ಹೇಳಲ್ಲ. ನಿಮಿಷಕ್ಕೆ ಇಪ್ಪತ್ತು ಎಳೆತ, ಮಾತಾಡೋಕೆ ಆಗುವಷ್ಟು ಉಸಿರು, ಐದು ನಿಮಿಷ ಎಳೆದು ಒಂದು ನಿಮಿಷ ಬಿಡೋದು.

ಟೀಚರ್: ಅಲ್ಲಿ ಕ್ಯಾಲೊರಿ ಅಂತಲೂ ಬರ್ತಿದೆ. ನಮ್ಮವರು ಅದನ್ನೇ ನೋಡ್ತಾರೆ. ಮದುವೆಗೆ ಮೊದಲು ಹತ್ತು ಕಿಲೋ ಇಳಿಸಿಕೊಡು ಅಂತ ಬರ್ತಾರೆ ನೋಡು ನಿನ್ನ ಹತ್ತಿರ.

ಶಿಷ್ಯೆ: ಆ ಕ್ಯಾಲೊರಿ ಲೆಕ್ಕ ನಿಮಗೆ ಮಾಡಿದ್ದಲ್ಲ ಟೀಚರ್. 175 ಪೌಂಡ್, ಅಂದ್ರೆ 79 ಕಿಲೋ ತೂಕದವರನ್ನ ಮನಸ್ಸಿನಲ್ಲಿಟ್ಟುಕೊಂಡು ಬರೆದ ಸೂತ್ರ. 60 ವಾಟಿನಲ್ಲಿ ಅರ್ಧ ಗಂಟೆ ಎಳೆದರೆ ಪರದೆ 250 ಅನ್ನುತ್ತೆ. 60 ಕಿಲೋ ಹೆಂಗಸಿಗೆ ಅದು 215ರ ಹತ್ತಿರ. ಸಂಜೆ ಪಂದಿಕರಿಗೆ ಇನ್ನೊಂದು ಕಡಂಬುಟ್ಟು ಹಾಕ್ಕೊಂಡ್ರೆ ಲೆಕ್ಕ ಚುಕ್ತಾ. ತೂಕ ಇಳಿಸ್ತೇನೆ ಅಂತ ಬೋರ್ಡು ಹಾಕಿದರೆ ನಾಳೆಯೇ ಕೋಣೆ ತುಂಬೀತು, ಮೂರು ತಿಂಗಳಿಗೆ ಖಾಲಿಯೂ ಆದೀತು.

ಟೀಚರ್: ಮತ್ತೆ ಏನಂತ ಹಾಕ್ತೀಯ?

ಶಿಷ್ಯೆ: ಬಂದ ದಿನ ಮೂರು ಲೆಕ್ಕ ಬರ್ಕೊಳ್ತೇನೆ. ಕೈ ಊರದೆ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳ್ತೀರಿ, ಒಂಟಿ ಕಾಲಿನಲ್ಲಿ ಎಷ್ಟು ಹೊತ್ತು ನಿಲ್ತೀರಿ, ಈ ಯಂತ್ರದಲ್ಲಿ ಹತ್ತು ನಿಮಿಷಕ್ಕೆ ಎಷ್ಟು ದೂರ. ಮೂರು ತಿಂಗಳ ಮೇಲೆ ಅದನ್ನೇ ಮತ್ತೆ. ತೂಕದ ಕಾಟ ಇಡಲ್ಲ.

ಟೀಚರ್: ಮಂಡಿ ನೋವಿನವರಿಗೆ ಇದು ಒಳ್ಳೇದು ಅಂತ ನೀನೇ ಫೋನಿನಲ್ಲಿ ಹೇಳಿದ್ದು. ಈಗ ಒಂದು ಹತ್ತು ಸಲ ಎಳೆದೆ, ನೋವು ಬರಲಿಲ್ಲ, ನಿಜ. ಓಡಿದ್ದರೆ ಸಂಜೆಗೆ ಊದಿಕೊಳ್ತಿತ್ತು.

ಶಿಷ್ಯೆ: ಪಾದ ನೆಲಕ್ಕೆ ಬಡಿಯಲ್ಲ, ತೂಕ ಸೀಟು ಹೊರುತ್ತೆ. ಹಾಗಂತ ಇದೊಂದೇ ಸಾಕು ಅಂತ ನಾನು ಮಾರಾಟದ ಮಾತು ಹೇಳಲ್ಲ. ಮುಟ್ಟು ನಿಂತ ಮೇಲೆ ಎಲುಬು ಸವೆಯುತ್ತೆ. ಎಲುಬು ಗಟ್ಟಿಯಾಗಬೇಕಾದರೆ ಮೈ ಭಾರ ಅದರ ಮೇಲೆ ಬೀಳಬೇಕು. ಮೆಟ್ಟಿಲು ಹತ್ತಬೇಕು, ಭಾರ ಎತ್ತಬೇಕು. ಆ ಮೂಲೆಯಲ್ಲಿ ಎರಡು ಡಂಬೆಲ್ ಇಟ್ಟಿರೋದು ಅದಕ್ಕೇ. ಇನ್ನು, ದೋಣಿ ಹುಟ್ಟು ಹಾಕೋ ಆಟಗಾರರಿಗೆ ಹೆಚ್ಚಾಗಿ ಕಾಡೋದು ಸೊಂಟ ನೋವು. ಬೆನ್ನು ಗೂನು ಮಾಡಿ ಗಂಟೆಗಟ್ಟಲೆ ಎಳೆದರೆ ಯಾರಿಗೂ ಬರುತ್ತೆ. ಡಿಸ್ಕ್ ಜಾರಿದವರನ್ನ ಮೊದಲ ದಿನವೇ ಇದರ ಮೇಲೆ ಕೂರಿಸಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದೇ. ವಾರಕ್ಕೆ ಕನಿಷ್ಠ 150 ನಿಮಿಷ ಎದೆ ಬಡಿತ ಏರಿಸೋ ಚಟುವಟಿಕೆ, ಅದರ ಜೊತೆ ಎರಡು ದಿನ ಸ್ನಾಯು ಬಲದ ಅಭ್ಯಾಸ. ಈ ಯಂತ್ರದಲ್ಲಿ ಮೊದಲನೆಯದು ಪೂರ್ತಿ ಸಿಗುತ್ತೆ, ಎರಡನೆಯದು ಸ್ವಲ್ಪ.

ಟೀಚರ್: ಇದನ್ನ ಕಂಡುಹಿಡಿದವರು ಯಾರು? ನಮ್ಮ ಹಾಗೆ ಮಳೆಗೆ ಸಿಕ್ಕಿಬಿದ್ದವರೇ ಇರ್ಬೇಕು.

ಶಿಷ್ಯೆ: ಹಿಮಕ್ಕೆ ಸಿಕ್ಕಿದವರು. ಅಮೆರಿಕದ ವರ್ಮಾಂಟ್‌ನಲ್ಲಿ ಡ್ರೈಸಿಗಾಕರ್ ಅಂತ ಅಣ್ಣತಮ್ಮಂದಿರು, ಡಿಕ್ ಮತ್ತು ಪೀಟ್. ದೋಣಿಯ ಹುಟ್ಟು ಮಾಡಿ ಮಾರ್ತಿದ್ದರು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಅಭ್ಯಾಸ ಇಲ್ಲ. ಒಂದು ಹಳೇ ಸೈಕಲನ್ನ ಕೊಟ್ಟಿಗೆಯ ನೆಲಕ್ಕೆ ಮೊಳೆ ಹೊಡೆದು ಕೂರಿಸಿ ಚೈನು ಎಳೆದು ನೋಡಿದರು. 1981ರಲ್ಲಿ ಸೈಕಲ್ ಚಕ್ರಕ್ಕೆ ಪ್ಲಾಸ್ಟಿಕ್ ರೆಕ್ಕೆ ಸಿಕ್ಕಿಸಿದ ಮೊದಲ ಯಂತ್ರ ಬಂತು. ಆಮೇಲೆ ಅದೇ ಒಂದು ಆಟವಾಯಿತು. 2018ರಿಂದ ಅಂತಾರಾಷ್ಟ್ರೀಯ ರೋಯಿಂಗ್ ಸಂಸ್ಥೆಯೇ ಒಳಾಂಗಣ ವಿಶ್ವ ಚಾಂಪಿಯನ್‌ಷಿಪ್ ನಡೆಸ್ತಿದೆ. 

ಟೀಚರ್: ನಿಜವಾದ ದೋಣಿಯನ್ನೇ ಯಾಕೆ ತರಬಾರದು? ಹಾರಂಗಿ ಇದೆ, ಕಾವೇರಿ ಹುಟ್ಟಿದ ನಾಡು ನಮ್ಮದು.

ಶಿಷ್ಯೆ: ಪಂದ್ಯದ ದೋಣಿಗೆ ಎರಡು ಕಿಲೋಮೀಟರ್ ನೆಟ್ಟಗೆ, ಅಲುಗದ ನೀರು ಬೇಕು. ನಮ್ಮ ಹೊಳೆ ಆಷಾಢದಲ್ಲಿ ಸೇತುವೆ ಮುಟ್ಟುತ್ತೆ, ಏಪ್ರಿಲಿನಲ್ಲಿ ಬಂಡೆ ಎಣಿಸಬಹುದು. ಬರಪೊಳೆಯಲ್ಲಿ, ದುಬಾರೆಯಲ್ಲಿ ರಬ್ಬರ್ ದೋಣಿ ಓಡುತ್ತೆ, ಪ್ರವಾಸಿಗರು ಕೂಗಾಡ್ತಾರೆ, ಅದು ಬೇರೆ ವಿಷಯ. ಹಾರಂಗಿ ಜಲಾಶಯದಲ್ಲಿ ಮುಂದೆ ಯಾರಾದರೂ ಮನಸ್ಸು ಮಾಡಿದರೆ ಆದೀತು. ಗಡಿ ದಾಟಿ ಕೆಳಗಿಳಿದರೆ ಕೇರಳದಲ್ಲಿ ಕಥೆಯೇ ಬೇರೆ. ಆಲಪ್ಪುಳದ ನೆಹರೂ ಟ್ರೋಫಿಯಲ್ಲಿ ಹೆಂಗಸರ ದೋಣಿಗಳಿಗೇ ಪ್ರತ್ಯೇಕ ಪಂದ್ಯ ಇದೆ. 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಒಡಿಶಾದ ಪ್ರತಿಮಾ ಪುಹಾನ, ಪ್ರಮೀಳಾ ಪ್ರವಾ ಮಿಂಜ್ ಜೋಡಿ ಕಂಚು ತಂದರು. ನೀವು ಹಾಕಿ ಕಲಿಸುವಾಗ ಅವರ ಹೆಸರು ನಮಗೆ ಹೇಳಲಿಲ್ಲ.

ಟೀಚರ್: ನನಗೇ ಗೊತ್ತಿರಲಿಲ್ಲ ಮಗಳೇ. ಪೇಪರಿನ ಕೊನೇ ಪುಟದಲ್ಲಿ ಬಂದಿರ್ಬೇಕು, ಒಂದು ಸಾಲು.

ಶಿಷ್ಯೆ: ಒಲಿಂಪಿಕ್ಸಿನಲ್ಲೂ ಹೆಂಗಸರಿಗೆ ದೋಣಿ ಸಿಕ್ಕಿದ್ದು 1976ರಲ್ಲಿ. ಅದೂ ಅರ್ಧ ದೂರ. ಗಂಡಸರಿಗೆ 2000 ಮೀಟರ್, ಇವರಿಗೆ 1000. ಪೂರ್ತಿ ದೂರ ಸಿಗೋಕೆ 1988 ಬರ್ಬೇಕಾಯ್ತು.

ಟೀಚರ್: ಸುಸ್ತಾಗಿ ನೀರಿಗೆ ಬಿದ್ದುಬಿಡ್ತಾರೆ ಅಂತ ಹೆದರಿಕೆಯಾ?

ಶಿಷ್ಯೆ: ಅದೇ ಥರದ ಕಾಳಜಿ! ಅದೇ 1976ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಕೇಳಿ. ಹೊಳೆಯ ದಡದ ದೋಣಿಮನೆಯಲ್ಲಿ ಗಂಡಸರಿಗೆ ಬಿಸಿನೀರಿನ ಸ್ನಾನದ ಕೋಣೆ ಇತ್ತು, ಹುಡುಗಿಯರಿಗೆ ಇಲ್ಲ. ಚಳಿಯಲ್ಲಿ ಅಭ್ಯಾಸ ಮುಗಿಸಿ, ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ಕೂತು, ಗಂಡಸರು ಮಿಂದು ಬರೋವರೆಗೆ ಕಾಯಬೇಕು. ಕೊನೆಗೆ ಮಾರ್ಚ್ 3ರಂದು 19 ಹುಡುಗಿಯರು ಕ್ರೀಡಾ ವಿಭಾಗದ ಮೇಡಂ ಕೋಣೆಗೆ ನುಗ್ಗಿ ಅಂಗಿ ಕಳಚಿ ನಿಂತರು. ಮೈಮೇಲೆ ಸಮಾನತೆಯ ಕಾನೂನಿನ ಹೆಸರು ಬರ್ಕೊಂಡಿದ್ದರು, ಟೈಟಲ್ ನೈನ್ ಅಂತ. ನಾಯಕಿ ಕ್ರಿಸ್ ಅರ್ನ್‌ಸ್ಟ್ ಹೇಳಿಕೆ ಓದಿದಳು. ಪತ್ರಿಕೆಯಲ್ಲಿ ದೊಡ್ಡ ಸುದ್ದಿಯಾಯ್ತು, ಹುಡುಗಿಯರಿಗೂ ಸ್ನಾನದ ಕೋಣೆ ಬಂತು. ಅವಳು ಅದೇ ವರ್ಷ ಒಲಿಂಪಿಕ್ಸಿಗೆ ಹೋದಳು. ಮುಂದೆ ಏನಾದಳು ಗೊತ್ತಾ?

ಟೀಚರ್: ಕೋಚ್?

ಶಿಷ್ಯೆ: ಪ್ಲಂಬರ್.

ಟೀಚರ್: (ಬಹಳ ಹೊತ್ತು ನಗುತ್ತಾರೆ.) ಶಾಭಾಷ್! ನನಗಿದು ಬೇಕಿತ್ತು. ತಾಲೂಕು ಕ್ರೀಡಾಕೂಟಕ್ಕೆ ಹುಡುಗಿಯರನ್ನ ಕರ್ಕೊಂಡು ಹೋದರೆ ಬಟ್ಟೆ ಬದಲಾಯಿಸೋಕೆ ಜಾಗ ಇರ್ತಿರಲಿಲ್ಲ. ಬೆಡ್‌ಶೀಟ್ ಹಿಡಿದು ನಾನು ಅಡ್ಡ ನಿಲ್ತಿದ್ದೆ. ಎರಡು ಶಾಲೆಯ ಹುಡುಗಿಯರಿಗೆ ಒಂದೇ ಬೆಡ್‌ಶೀಟು. ಅಂಗಿ ಕಳಚಿ ನಿಲ್ಲೋ ಧೈರ್ಯ ನಮಗೆ ಬರಲಿಲ್ಲ ಬಿಡು. ಬೆಡ್‌ಶೀಟು ಬಂತು.

ಶಿಷ್ಯೆ: ಇಲ್ಲಿ ಒಳಗಡೆ ಒಂದು ಬಾತ್‌ರೂಮ್ ಕಟ್ಟಿಸಿದ್ದೇನೆ. ಯಂತ್ರಕ್ಕಿಂತ ಮೊದಲು ಅದು.

ಟೀಚರ್: ಒಳ್ಳೇದು. ಈಗ ಒಂದು ಬಿರುಸಿನ ಪ್ರಶ್ನೆ ಕೇಳ್ತೇನೆ, ಬೇಜಾರು ಮಾಡ್ಕೋಬೇಡ. ನಿನ್ನ ಈ ಕೋಣೆ ಯಾರಿಗೆ? ತೋಟದ ಯಜಮಾನ್ತಿಯರಿಗೆ, ಬ್ಯಾಂಕಿನವರಿಗೆ, ಟೀಚರುಗಳಿಗೆ. ನಮ್ಮ ತೋಟದ ಆಳುಗಳ ಲೈನ್‌ಮನೆಯಲ್ಲಿರೋ ಹೆಂಗಸು ಬೆಳಗ್ಗೆ ಎಂಟಕ್ಕೆ ಇಳಿಜಾರಿನಲ್ಲಿ ಇಳಿದರೆ ಸಂಜೆ ಬೆನ್ನಿಗೆ ಕಾಫಿ ಮೂಟೆ ಹೊತ್ತು ಏರಿ ಬರ್ತಾಳೆ. ಅವಳ ತೋಳು ನೋಡಿದ್ದೀಯ? ನಿನ್ನ ಯಂತ್ರದಲ್ಲಿ ಕೂರಿಸಿದರೆ ನಮ್ಮನ್ನೆಲ್ಲ ಹಿಂದೆ ಹಾಕ್ತಾಳೆ. ಅವಳು ಬೆವರಿದ್ದಕ್ಕೆ ದಿನಗೂಲಿ, ನಾವು ಬೆವರೋಕೆ ಫೀಸು.

ಶಿಷ್ಯೆ: ಬೇಜಾರು ಯಾಕೆ? ಅವಳಿಗೆ ಈ ಯಂತ್ರ ಬೇಡ. ಅವಳಿಗೆ ಬೇಕಾದ್ದು ವಿಶ್ರಾಂತಿ, ಕಬ್ಬಿಣಾಂಶ ಇರೋ ಊಟ, ಭಾರ ಎತ್ತುವಾಗ ಸೊಂಟ ಉಳಿಸ್ಕೊಳ್ಳೋ ಕ್ರಮ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಮಂದಿಗೆ ರಕ್ತ ಕಡಿಮೆ. ರಕ್ತ ಇಲ್ಲದವಳಿಗೆ ವ್ಯಾಯಾಮ ಮಾಡು ಅನ್ನೋದು ತಮಾಷೆ. ದುಡಿಯೋ ಮೈ ಬೇರೆ, ಪಳಗಿದ ಮೈ ಬೇರೆ. ದಿನವಿಡೀ ಒಂದೇ ಬದಿಗೆ ಬಾಗಿ ಕುಯ್ಯೋದರಿಂದ ಒಂದು ಪಕ್ಕ ಗಟ್ಟಿಯಾಗುತ್ತೆ, ಇನ್ನೊಂದು ಪಕ್ಕ ಸೋಲುತ್ತೆ. ಅವರು ನನ್ನ ಹತ್ತಿರ ಬರೋದು ಪೂರ್ತಿ ಸೋತ ಮೇಲೆ.

ಟೀಚರ್: ನೀನೇ ಹೋಗು ಹಾಗಾದರೆ. ಕಾಫಿ ಕುಯ್ಲು ಶುರುವಾಗೋ ಮೊದಲು, ನವೆಂಬರಿನಲ್ಲಿ. ನಮ್ಮ ಕಣದಲ್ಲೇ ಎಲ್ಲರನ್ನೂ ಸೇರಿಸ್ತೇನೆ. ಮೂಟೆ ಎತ್ತೋದು ಹೇಗೆ ಅಂತ ಒಂದು ಗಂಟೆ ತೋರಿಸು. ಆ ಗಂಟೆಯ ಕೂಲಿ ಕಡಿಯಬಾರದು ಅಂತ ಯಜಮಾನರಿಗೆ ನಾನು ಹೇಳ್ತೇನೆ.

ಶಿಷ್ಯೆ: ಯಜಮಾನರು ಅಂದ್ರೆ ನಿಮ್ಮ ಮಗ.

ಟೀಚರ್: ಅವನಿಗೇ ಹೇಳೋದು ಕಷ್ಟ. ಇರಲಿ. ಈ ಕೋಣೆ ಎಷ್ಟು ಹೊತ್ತಿಗೆ ತೆರೀತೀಯ?

ಶಿಷ್ಯೆ: ಬೆಳಗ್ಗೆ ಐದೂವರೆಯಿಂದ ಎಂಟೂವರೆ, ಸಂಜೆ ಆರರಿಂದ ಒಂಬತ್ತು ಅಂತ ಬೋರ್ಡಿಗೆ ಬರೆಯೋಕೆ ಕೊಟ್ಟಿದ್ದೇನೆ. ಪೇಟೆಯ ಎಲ್ಲ ಜಿಮ್ಮುಗಳದ್ದೂ ಅದೇ ಹೊತ್ತು.

ಟೀಚರ್: ಬೋರ್ಡಿನವನಿಗೆ ಈಗಲೇ ಫೋನು ಮಾಡು, ಬರೀಬೇಡ ಅನ್ನು. ಅದು ಗಂಡಸರ ಹೊತ್ತು. ಐದೂವರೆಗೆ ನಿನ್ನ ಹೆಂಗಸು ಒಲೆ ಮುಂದೆ ಇರ್ತಾಳೆ. ಆರೂವರೆಗೆ ಅಕ್ಕಿರೊಟ್ಟಿ, ಏಳೂವರೆಗೆ ಮಕ್ಕಳ ಸ್ಕೂಲ್ ವ್ಯಾನು, ಎಂಟಕ್ಕೆ ಆಳುಗಳಿಗೆ ಕೆಲಸ ಹೇಳೋದು. ಸಂಜೆ ಆರಕ್ಕೆ ತೋಟದ ದಾರಿಯಲ್ಲಿ ಸ್ಕೂಟಿ ಓಡಿಸ್ಕೊಂಡು ಬರ್ತಾಳಾ, ಆನೆ ಇರುವಾಗ? ನೀನೇ ಈಗ ಅರ್ಧ ಗಂಟೆ ನನಗೆ ಪಾಠ ಮಾಡಿದೆ, ರಸ್ತೆ ಯಾವಾಗಲೂ ಹೆಂಗಸಿನದ್ದಲ್ಲ ಅಂತ.

ಶಿಷ್ಯೆ: ಅದು ಹೊಳೀಲೇ ಇಲ್ಲ ಟೀಚರ್. ಕೆಲಸಕ್ಕೆ ಹೋಗೋರಿಗೆ ಬೇರೆ ಹೊತ್ತು ಆಗಲ್ಲ ಅಂತ...

ಟೀಚರ್: ಪೇಟೆಯಲ್ಲೇ ಮನೆ ಇರೋ ನೌಕರಿಯವರಿಗೆ ಸಂಜೆ ಐದಕ್ಕೆ ಒಂದು ತಂಡ ಮಾಡು, ಅವರು ಆಫೀಸಿನಿಂದ ನೇರ ಬರಲಿ. ತೋಟದ ಹೆಂಗಸರಿಗೆ ಹತ್ತೂವರೆಯಿಂದ ಹನ್ನೆರಡೂವರೆ. ಆಗ ದಾರಿಯಲ್ಲಿ ಜನ ಇರ್ತಾರೆ, ಬಸ್ಸಿರುತ್ತೆ, ಮಂಜು ಕರಗಿರುತ್ತೆ. ಪೇಟೆಗೆ ಸಾಮಾನು ತರೋಕೆ ಬಂದೆ ಅಂತ ಮನೆಯಲ್ಲಿ ಹೇಳೋಕೂ ಆಗುತ್ತೆ. ಮೊದಲ ಎರಡು ತಿಂಗಳು ಹೇಳೋಕೆ ಏನಾದರೂ ನೆಪ ಬೇಕು, ಆಮೇಲೆ ಬೇಡ. ಒಂದು ಹೆಂಗಸಿಗೆ ಅರ್ಧ ಗಂಟೆ ಅಂದ್ರೆ ಈ ಒಂದು ಯಂತ್ರದಲ್ಲಿ ನಾಲ್ಕು ಜನ. ಉಳಿದವರು ಅಷ್ಟು ಹೊತ್ತು ಡಂಬೆಲ್, ಮೆಟ್ಟಿಲು. ಅದನ್ನ ನಾನು ಮಾಡಿಸ್ತೇನೆ, ಶಿಳ್ಳೆ ಇನ್ನೂ ಇಟ್ಟಿದ್ದೇನೆ.

ಶಿಷ್ಯೆ: ಕುಯ್ಲಿನ ಕಾಲದಲ್ಲಿ ಏನು ಮಾಡೋದು? ಡಿಸೆಂಬರಿನಿಂದ ಮಾರ್ಚಿನವರೆಗೆ ಯಾರೂ ಬರಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ಕೊಡ್ಬೇಕು.

ಟೀಚರ್: ವರ್ಷದ ಫೀಸು ತಗೋಬೇಡ, ತಿಂಗಳ ಫೀಸು ತಗೋ. ಕುಯ್ಲಿನಲ್ಲಿ ವಾರಕ್ಕೆ ಎರಡೇ ದಿನ ತೆರೆ, ಪೇಟೆಯವರು ಬರ್ತಾರೆ. ಜನವರಿಯಲ್ಲಿ ಹಾಕಿ ಹಬ್ಬದ ಟೀಮುಗಳಿಗೆ ಹೇಳಿ ಕಳಿಸು. ಏಪ್ರಿಲಿಗೆ ಮೊದಲು ಹನ್ನೆರಡು ವಾರ ಇಲ್ಲಿ ಬಂದು ಕಾಲು ಗಟ್ಟಿ ಮಾಡ್ಕೊಂಡು ಹೋಗಿ, ಆಮೇಲೆ ಕುಂಟ್ಕೊಂಡು ಬರಬೇಡಿ ಅಂತ. ಕುಟುಂಬದ ಮಾನದ ಪ್ರಶ್ನೆ ಅಂದ್ರೆ ಯಾವ ಯಜಮಾನನೂ ದುಡ್ಡಿಗೆ ಹಿಂದೆಮುಂದೆ ನೋಡಲ್ಲ. ಆ ದುಡ್ಡಿನಲ್ಲಿ ಬಾಡಿಗೆ ಕಟ್ಟು.

ಶಿಷ್ಯೆ: ಮಾನವನ್ನೂ ಬಿಡಲ್ಲ ನೀವು!

ಟೀಚರ್: ಇರೋದನ್ನ ಬಳಸ್ಕೋಬೇಕು ಮಾರಾಯ್ತಿ. ಈಗ ನನ್ನನ್ನ ಎಬ್ಬಿಸು. ಬೇಡ, ತಡಿ, ನಾನೇ ಏಳ್ತೇನೆ. ಆ ಹತ್ತು ನಿಮಿಷದ ಲೆಕ್ಕ ಇವತ್ತೇ ಬರ್ಕೋ, ಇನ್ನೂ ಹನ್ನೊಂದಾಗಿಲ್ಲ. ಮತ್ತೆ ಆ ಬಾತ್‌ರೂಮಿನ ಬಾಗಿಲು ನೋಡಿದೆ, ಒಳಗಿನ ಚಿಲಕ ತೂಗಾಡ್ತಿದೆ. ಬೋರ್ಡಿಗಿಂತ ಮೊದಲು ಅದನ್ನ ಸರಿ ಮಾಡಿಸು.